ಬೆಚ್ಚಗಿನ ಬೀಜ

ಚನ್ನಯ್ಯನ ಫಜೀತಿಗೆಲ್ಲ ಮೂಲ ಒಂದು ಗೇಣು ಕೆಂಪು ದಾರ. ಹೋದ ಚಳಿಗಾಲದಲ್ಲಿ ಅವನ ಹೆಂಡತಿ ಮಮತಾ, ಶಿರಸಿಯ ಮನೆಯ ಹಿತ್ತಲಲ್ಲಿ ಚಪ್ಪರದವರೆಯ ಒಳ್ಳೊಳ್ಳೆ ಕಾಯಿಗಳನ್ನು ಬೀಜಕ್ಕೆಂದು ಬಳ್ಳಿಯಲ್ಲೇ ಬಿಟ್ಟು, ಯಾರೂ ಕೊಯ್ಯದಿರಲಿ ಎಂದು ಗೊಂಚಲಿಗೆ ದಾರ ಕಟ್ಟಿದ್ದಳು. ಅವಳು ಯಾರದೋ ಮದುವೆಗೆ ಹೋದ ದಿನ ಚನ್ನಯ್ಯ ಗೆಳೆಯರನ್ನು ಊಟಕ್ಕೆ ಕರೆದ. ದಾರ ಕಟ್ಟಿದ್ದೆಂದರೆ ಅಡುಗೆಗೆ ಆರಿಸಿಟ್ಟದ್ದು ಎಂದು ತಿಳಿದು ಅಷ್ಟನ್ನೂ ಪಲ್ಯ ಮಾಡಿ ಬಡಿಸಿದ. ಗೆಳೆಯರು ಬೆರಳು ಚೀಪಿದರು. ಮಮತಾ ಬಂದು ಬೋಳು ಬಳ್ಳಿ ನೋಡಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಬೀಜ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮಮತಾಳ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅವಳಿಗೆ ಬಂದದ್ದು. ಈಗ ಉಳಿದಿರುವುದು ಎಕ್ಕಂಬಿಯ ತವರುಮನೆಯಲ್ಲಿ ಮಾತ್ರ. ಮಳೆ ಹಿಡಿಯುವ ಮುಂಚೆ ಅದನ್ನು ತಂದುಕೊಟ್ಟು ಹೆಂಡತಿಯ ಮುಂದೆ ಮತ್ತೆ ತಲೆಯೆತ್ತಿ ನಿಲ್ಲಬೇಕೆಂದು ಚನ್ನಯ್ಯ ಅತ್ತೆಯ ಮನೆಗೆ ಹೊರಟ.

ಅವನು ಹೋದಾಗ ಅತ್ತೆ ದ್ಯಾವಮ್ಮ ಅಂಗಳದಲ್ಲಿ ನಿಂತು, ಶಿರಸಿಗೆ ಬಾಳೆಗೊನೆ ಒಯ್ಯಲು ಬಂದಿದ್ದ ಟೆಂಪೋದ ನೂರ್ ಅಹ್ಮದನಿಗೆ ಏನೋ ಹೇಳುತ್ತಿದ್ದಳು. ಅಳಿಯನಿಗೆ ರೊಟ್ಟಿ ಬಡಿಸಿದಳು. ಆಮೇಲೆ ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದು, ಅವನು ಹೊರಡುವಾಗ ಕೈಗೊಂದು ಬಟ್ಟೆಯ ಗಂಟು ಕೊಟ್ಟಳು.

"ಅಳಿಯಾರ, ದಾರ್ಯಾಗ..." ಎನ್ನುವಷ್ಟರಲ್ಲಿ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು.

"ಗೊತ್ತಾಯ್ತು ಅತ್ತೆ, ಜೀವದ ಹಾಗೆ ಕಾಯ್ತೇನೆ!" ಎಂದು ಚನ್ನಯ್ಯ ಓಡಿಯೇ ಓಡಿದ.

ಸೀಟಿನಲ್ಲಿ ಕೂತು ಗಂಟನ್ನು ಎದೆಗೆ ಒತ್ತಿಕೊಂಡವನು ಬೆರಗಾದ. ಗಂಟು ಬೆಚ್ಚಗಿತ್ತು. ಹೊರಗೆ ನೋಡಿದರೆ ಮೋಡ, ಬಿಸಿಲಿನ ಸುಳಿವೇ ಇಲ್ಲ. ನಿಧಾನಕ್ಕೆ ಬಿಚ್ಚಿದ. ಕಪ್ಪು ಮೈಯ, ಬೆಳ್ಳಗಿನ ಅಂಚಿನ ಅವರೆ ಬೀಜಗಳು ಮಿರಮಿರನೆ ಮಿಂಚುತ್ತಿದ್ದವು. ಅಜ್ಜಿಯ ಕಾಲದಿಂದ ನಡೆದುಬಂದ ಜೀವ ಒಳಗೆ ಉಸಿರಾಡುತ್ತಿದೆ ಅನಿಸಿ ಅವನ ಮೈ ಜುಮ್ಮೆಂದಿತು. ಇಂಥದ್ದನ್ನು ಒಗ್ಗರಣೆ ಹಾಕಿ ತಿಂದೆನಲ್ಲ ಎಂದು ಕಣ್ಣು ತುಂಬಿಬಂತು.

ಕಣ್ಣು ಒರೆಸಿಕೊಳ್ಳಲು ಒಂದು ಕೈ ತೆಗೆದದ್ದೇ ತಪ್ಪಾಯಿತು. ಬಸ್ಸು ಹೊಂಡಕ್ಕೆ ಇಳಿದು ಹಾರಿತು, ಗಂಟೂ ಹಾರಿತು, ಬೀಜಗಳೆಲ್ಲ ಸೀಟುಗಳಡಿ ಉರುಳಿದವು.

"ಅಯ್ಯಯ್ಯೋ! ಯಾರೂ ಕಾಲು ಅಲ್ಲಾಡಿಸಬೇಡಿ! ಬೀಜ, ಬೀಜ!"

ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. ಬಸ್ಸಿಗೆ ಬಸ್ಸೇ ಮೊಣಕಾಲೂರಿ ಹೆಕ್ಕತೊಡಗಿತು. ಶಿರಸಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಶೈಲಾ ಎಂಬಾಕೆ ಮೊದಲು ಚೀರಿದಳು. "ಮಾರಾಯ್ರೇ, ಇದು ಬೆಚ್ಚಗಿದೆಯಲ್ಲ!"

ಬೀಜ ಅಂಗೈಯಿಂದ ಅಂಗೈಗೆ ಹೋಯಿತು. ಜನ ತೀರ್ಥಕ್ಕೆ ಒಡ್ಡುವ ಹಾಗೆ ಕೈಯೊಡ್ಡಿದರು. ಡ್ರೈವರ್ ಕೂಡ ಎದ್ದುಬಂದು ಮುಟ್ಟಿ ನೋಡಿ, ಟೊಪ್ಪಿಗೆ ತೆಗೆದ.

"ಬೀಜದೊಳಗೆ ಜೀವ ಇರ್ತದೆ ಅಂತಾರೆ, ಕೈಗೆ ತಾಗಿದ್ದು ಇವತ್ತೇ" ಎಂದ ಕಂಡಕ್ಟರ್.

ಹಿಂದಿನ ಸೀಟಿನ ಚೌಡಮ್ಮ ಎಂಬ ಮುದುಕಿ ಒಂದನ್ನು ಕಡಿದಳು. ಕಟಕ್ ಎಂದಿತು. "ಭಾಳ ಚಲೋ ಒಣಗ್ಯಾವ" ಎಂದು ಉಳಿದರ್ಧವನ್ನೂ ಬಾಯಿಗೆ ಹಾಕಿಕೊಂಡು ನಕ್ಕಳು. "ಎರಡು ಇಟ್ಕೊಳ್ಳಿ ಅಜ್ಜಿ" ಎಂದು ಚನ್ನಯ್ಯ ಕೊಡಹೋದರೆ, "ನನಗ ಬ್ಯಾಡಪ್ಪ, ಇಷ್ಟ ಸಾಕು" ಎಂದಳು. ಪಾಪ, ಮುದುಕಿಗೆ ಹಿತ್ತಲಿಲ್ಲವೇನೋ ಎಂದುಕೊಂಡ ಚನ್ನಯ್ಯ.

ಉಳಿದವರೆಲ್ಲರಿಗೂ ಬೇಕಾಗಿತ್ತು. ಬೀಜ ಕೇಳಿದವರಿಗೆ ಇಲ್ಲವೆನ್ನುವುದು ಹೇಗೆ? ಅದೂ ಯಾರೂ ಸುಮ್ಮನೆ ಕೇಳಲಿಲ್ಲ. ಬೀಜಕ್ಕೆ ಬದಲು ಬೀಜ ಕೊಡುವುದು ನಮ್ಮ ಕಡೆಯ ರೂಢಿ. ಬಿತ್ತನೆಯ ಕಾಲ ಬೇರೆ. ಶೈಲಾ ಪರ್ಸಿನಿಂದ ಮೊಗೆಕಾಯಿ ಬೀಜ ತೆಗೆದಳು, ಕಂಡಕ್ಟರ್ ಚೀಲದಿಂದ ಬೆಂಡೆ. ಹೀರೆ, ಹಾಗಲ, ಹರಿವೆ ಎಂದು ಚನ್ನಯ್ಯನ ಮಡಿಲು ತುಂಬಿತು.

"ಬಳ್ಳಿ ಚಪ್ಪರ ಹತ್ತದಿದ್ರೆ ನನ್ನ ಮನೆಗೇ ಬಂದು ಕೇಳಿ. ಕೆರೆ ಪಕ್ಕ, ಹಸಿರು ಗೇಟು!" ಎಂದು ಅವನು ಎಲ್ಲರಿಗೂ ಸಾರಿದ. ಜನ್ಮದಲ್ಲಿ ಮೊದಲ ಸಲ ಇಡೀ ಬಸ್ಸು ಅವನ ಮಾತು ಕೇಳಿತ್ತು. ಪಕ್ಕದಲ್ಲಿ ಶೈಲಾ ಫೋನಿನಲ್ಲಿ ಅಕ್ಕನಿಗೆ ತಮ್ಮ ಮನೆಮಾತಿನಲ್ಲಿ ಹೇಳುತ್ತಿದ್ದಳು. "ಸುಳ್ಳಲ್ದೇ, ಬೀಜ ಬೆಚ್ಚಗೆ ಇದ್ದು! ಆನೇ ಮುಟ್ಟಿ ನೋಡಿದ್ದಿ."

ಗಂಟಿನಲ್ಲಿ ಉಳಿದದ್ದು ಏಳೆಂಟು ಕಾಳು. ಒಂದು ಚಪ್ಪರಕ್ಕೆ ಅಷ್ಟು ಸಾಕೆಂದು ಸಮಾಧಾನ ಮಾಡಿಕೊಂಡು ಅವನು ಮನೆಗೆ ಬಂದು, ಎಲ್ಲವನ್ನೂ ಹೆಂಡತಿಯ ಮುಂದೆ ಸುರಿದು, ನಡೆದದ್ದನ್ನು ಎದೆಯುಬ್ಬಿಸಿ ಹೇಳಿದ.

ಮಮತಾ ಒಂದು ಅವರೆ ಎತ್ತಿ ಬಾಯಿಗೆ ಹಾಕಿಕೊಂಡಳು. ಕಟಕ್.

"ಏ, ಅದು ಬೀಜ!"

"ಬೀಜ ಆಗಲೇ ಬಂತು, ನೂರ್ ಅಹ್ಮದಣ್ಣ ಟೆಂಪೋದಲ್ಲಿ ತಂದುಕೊಟ್ಟ. ಅಮ್ಮನ ಫೋನೂ ಬಂತು. 'ಅಳಿಯಾರ ಕೈಯಾಗ ಬೀಜ ಕೊಡಾಕ ಧೈರ್ಯ ಸಾಲಲಿಲ್ಲವ್ವ, ದಾರ್ಯಾಗ ತಿನ್ನಾಕ ಒಂದಿಷ್ಟು ಅವರೆ ಹುರಿದು ಕೊಟ್ಟೀನಿ' ಅಂದ್ಲು."

ಇಡೀ ಬಸ್ಸಿನ ಜನ ಹುರಿದ ಅವರೆ ಬಿತ್ತಿ, ನೀರು ಹೊಯ್ದು ಕಾಯುವುದು ಚನ್ನಯ್ಯನ ಕಣ್ಣಿಗೆ ಕಟ್ಟಿತು. ಅವರ ಒಳ್ಳೆಯ ಬೀಜವೆಲ್ಲ ಇವನ ಮಡಿಲಲ್ಲಿ!

ಮಮತಾಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಟೆಂಪೋದಲ್ಲಿ ಬಂದ ಬೀಜದಲ್ಲಿ ಅರ್ಧ ಅಳೆದು ಅವನ ಕೈಗೆ ಹಾಕಿದಳು. "ಹೋಗಿ, ನಿಜ ಹೇಳಿ ಬದಲಾಯಿಸಿ ಬನ್ನಿ. ಇದನ್ನೂ ಪಲ್ಯ ಮಾಡಬೇಡಿ."

ದಾರಿಯಲ್ಲಿ ಚನ್ನಯ್ಯ ಅಂಗೈ ಬಿಡಿಸಿ ನೋಡಿದ. ಇವು ತಣ್ಣಗಿದ್ದವು. ಮಿಂಚಿಲ್ಲ, ಹುಳ ಹಿಡಿಯದಿರಲೆಂದು ಹಾಕಿದ ಬೂದಿಯ ಧೂಳು ಮೆತ್ತಿ ಸುಮ್ಮನೆ ಮಲಗಿದ್ದವು. ಹಿತ್ತಲು ತುಂಬುವ ಬಳ್ಳಿಯನ್ನು ಒಳಗಿಟ್ಟುಕೊಂಡು ಎಷ್ಟು ಸದ್ದಿಲ್ಲದೆ ಇವೆ ಎನಿಸಿ ಅವನಿಗೆ ಮತ್ತೆ ಮೈ ಜುಮ್ಮೆಂದಿತು. ಈ ಸಲ ಯಾರಿಗೂ ಹೇಳಬೇಕೆನಿಸಲಿಲ್ಲ.

ಹೊಲಿಗೆ ಅಂಗಡಿಯಲ್ಲಿ ಶೈಲಾ ತನ್ನ ಪಾಲಿನ ಬೀಜಕ್ಕೆ ಕುಂಕುಮ ಹಚ್ಚಿ ದೇವರ ಪಟದ ಮುಂದೆ ಇಟ್ಟಾಗಿತ್ತು. ಅವನು ಕೊಟ್ಟದ್ದನ್ನು ಮುಟ್ಟಿ ಹುಬ್ಬು ಗಂಟಿಕ್ಕಿದಳು.

"ಇದು ತಣ್ಣಗಿದೆ."

"ಬೀಜ ತಣ್ಣಗೇ ಇರೋದು ತಾಯಿ. ಅದು ಹುರಿದದ್ದು!"

"ಆಗ ಬಳ್ಳಿ ಚಪ್ಪರ ಹತ್ತದಿದ್ರೆ ಕೇಳಿ ಅಂದ್ರಿ, ಈಗ ಹುರಿದದ್ದು ಅಂತೀರಿ. ಮನೆಯವರು ಬೈದ್ರು ಅಂತ ತಣ್ಣಗಿನದ್ದು ಕೊಟ್ಟು ಬೆಚ್ಚಗಿನದ್ದು ವಾಪಸ್ ಒಯ್ಯೋಕೆ ಬಂದ್ರಾ? ಕೊಡೂದಿಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನೂ ಅದನ್ನೇ ಅಂದ. ಅವನ ಜೊತೆಯವರು ನಕ್ಕು, ಡೂಪ್ಲಿಕೇಟ್ ಬೀಜದವನೆಂದು ಬೆರಳು ತೋರಿಸಿದರು.

ತಣ್ಣಗಿನ ಬೀಜ ಹಿಡಿದು ಚನ್ನಯ್ಯ ಮನೆಯ ತಿರುವಿಗೆ ಬಂದ. ಹಸಿರು ಗೇಟಿನ ಮುಂದೆ ಒಂದು ಗುಂಪು. ಒಬ್ಬಳ ಕೈಯಲ್ಲಿ ಸೌತೆ ಬೀಜ, ಇನ್ನೊಬ್ಬಳ ಸೆರಗಿನಲ್ಲಿ ಕುಂಬಳದ್ದು.

"ಬೆಚ್ಚಗಿನ ಅವರೆ ಬೀಜ ಸಿಗೂದು ಇಲ್ಲೇ ಅಲ್ವಾ?" ಎಂದಳು ಮುಂದೆ ನಿಂತವಳು. "ಶೈಲಾ ಕಳಿಸಿದ್ಲು."

ಗೇಟಿನ ಹಿಂದೆ ನಿಂತಿದ್ದ ಮಮತಾ ಅವನನ್ನು ನೋಡಿದಳು. ಒಂದು ಮಾತೂ ಆಡಲಿಲ್ಲ.