ಹಣ್ಣಿನ ಕಡ್ಡಿಗಳೂ ನನ್ನ ಬಿಳಿ ಪೈಜಾಮವೂ

ಬೆಂಕಿ ಹಚ್ಚದೆ ಮಾಡುವ ಅಡುಗೆಯಲ್ಲಿ ಮನುಷ್ಯ ಎಡವಲು ಸಾಧ್ಯವೇ ಇಲ್ಲ ಎಂಬುದು ನನ್ನ ಬಲವಾದ ನಂಬಿಕೆಯಾಗಿತ್ತು. ಸೀದು ಹೋಗುವ ಭಯವಿಲ್ಲ, ಉಕ್ಕುವ ಭಯವಿಲ್ಲ, ಕುಕ್ಕರಿನ ಕೂಗು ಎಣಿಸುವ ಕಷ್ಟವಿಲ್ಲ. ಹಣ್ಣು ಹೆಚ್ಚಿ, ಕಡ್ಡಿಗೆ ಪೋಣಿಸಿ, ಪಕ್ಕದಲ್ಲಿ ಅದ್ದಿ ತಿನ್ನಲು ಬೆಣ್ಣೆಯಂಥ ಬಿಳಿ ಡಿಪ್ ಒಂದು ಬಟ್ಟಲು ಇಟ್ಟರೆ ಮುಗಿಯಿತು. ಮೆಟ್ರೋದಲ್ಲಿ ಆಫೀಸಿಗೆ ಹೋಗುವಾಗ ನೋಡಿದ ವೀಡಿಯೋದಲ್ಲಿ ಒಬ್ಬ ಹೆಂಗಸು ಇದಿಷ್ಟನ್ನೂ ಎರಡು ನಿಮಿಷದಲ್ಲಿ, ನಗುನಗುತ್ತಾ ಮಾಡಿ ಮುಗಿಸಿದ್ದಳು. ಇಪ್ಪತ್ತೆರಡು ವರ್ಷ ಕೇಂದ್ರ ಸರ್ಕಾರದ ಕಡತಗಳನ್ನು ಹೊತ್ತವನಿಗೆ ನಾಲ್ಕು ಹಣ್ಣು ಭಾರವೇ?

ಹೊಸ ವರ್ಷದ ಮೊದಲ ದಿನ ನಮ್ಮ ಲಕ್ಷ್ಮೀ ನಗರದ ಕಟ್ಟಡದ ಹನ್ನೆರಡು ಮನೆಯವರೂ ತಾರಸಿಯಲ್ಲಿ ಬಿಸಿಲು ಕಾಯುತ್ತಾ ಒಟ್ಟಿಗೆ ಊಟ ಮಾಡುವುದು ವಾಡಿಕೆ. ಇಷ್ಟು ವರ್ಷ ಅದರ ಯಜಮಾನಿಕೆ ನಮ್ಮ ಕೆಳಗಿನ ಮನೆಯ ಭಾಟಿಯಾ ಆಂಟಿಯದ್ದು. ಈ ಸಲ ಅವರಿಗೆ ಮಂಡಿನೋವು. ಹಾಗಾಗಿ ಜವಾಬ್ದಾರಿ ನನ್ನ ಹೆಂಡತಿ ವಸುಧಾಳ ಹೆಗಲಿಗೆ ಬಂತು. ಬ್ಯಾಂಕಿನಲ್ಲಿ ವರ್ಷದ ಕೊನೆಯ ಕೆಲಸ, ಇಲ್ಲಿ ಹನ್ನೆರಡು ಮನೆಯ ಊಟದ ವ್ಯವಸ್ಥೆ. ಅವಳು ನಿದ್ದೆಯಲ್ಲೂ ತಟ್ಟೆ ಲೋಟ ಎಣಿಸತೊಡಗಿದಳು.

"ನಮ್ಮ ಮನೆಯ ತಿಂಡಿ ನನಗೆ ಬಿಡು" ಎಂದೆ.

"ರೀ, ನೀವು ಹಾಲು ಕಾಯಿಸಿದ ದಿನ ನಾನು ಸ್ಟೌ ತೊಳೀಬೇಕಾಗತ್ತೆ."

"ಇದರಲ್ಲಿ ಸ್ಟೌ ಬೇಡವೇ ಬೇಡ!"

ಅವಳಿಗೆ ವಾದ ಮಾಡಲು ಸಮಯವಿರಲಿಲ್ಲ. "ಹೋಗ್ಲಿ, ಮರ್ಯಾದೆ ಒಂದು ಉಳಿಸಿ" ಎಂದು ಬ್ಯಾಗ್ ಎತ್ತಿಕೊಂಡು ಹೊರಟಳು. ಅದನ್ನು ನಾನು ಲಿಖಿತ ಅನುಮತಿಗೆ ಸಮಾನವೆಂದು ಪರಿಗಣಿಸಿದೆ.

ಮೊದಲು ಕಡ್ಡಿ. ನಮ್ಮ ಬೀದಿಯ ಅಂಗಡಿಗಳಲ್ಲಿ ಹಲ್ಲು ಚುಚ್ಚುವ ಕಡ್ಡಿ ಬಿಟ್ಟರೆ ಊದುಬತ್ತಿ. ಕೊನೆಗೆ ಕರೋಲ್ ಬಾಗಿನವರೆಗೆ ಹೋದೆ. ಅಂಗಡಿಯವನು "ಛೋಟಾ ಯಾ ಬಡಾ?" ಎಂದು ಕೇಳಿದ. ಹಬ್ಬದ ದಿನ ಜುಗ್ಗತನವೇಕೆ? "ಬಡಾ!" ಎಂದೆ. ಮನೆಗೆ ಬಂದು ಕಟ್ಟು ಬಿಚ್ಚಿದರೆ ಒಂದೊಂದು ಕಡ್ಡಿಯೂ ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ! ಒಂದು ಕಡ್ಡಿ ತುಂಬಬೇಕಾದರೆ ಹದಿನಾರು ಹೋಳು. ಹದಿನಾರು ಹೋಳು ತಿಂದವನಿಗೆ ಊಟ ಯಾಕೆ? ಚಳಿಗಾಲದ ರಜೆಯಲ್ಲಿದ್ದ ಮಗಳು ಮಿಲಿ, ವಯಸ್ಸು ಹನ್ನೊಂದು, ಕಡ್ಡಿ ಹಿಡಿದು ಗಾಳಿಯಲ್ಲಿ ಬೀಸಿ, "ಪಪ್ಪಾ, ಯೇ ತೋ ತಲ್ವಾರ್ ಹೈ!" ಎಂದಳು. ಕತ್ತಿಯಾದರೇನು, ಕುಂಬಳಕಾಯಿಗೆ ಚುಚ್ಚಿ ನಿಲ್ಲಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಡಿಪ್. ಗಟ್ಟಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ನೀರೆಲ್ಲ ಇಳಿದ ಮೇಲೆ ಜೇನುತುಪ್ಪ, ಕೆನೆ ಬೆರೆಸಬೇಕಂತೆ. ವರ್ಷದ ಕೊನೆಯ ದಿನ ರಜೆ ಹಾಕಿ ಮೂರು ಕಿಲೋ ಮೊಸರು ತಂದೆ. ಆದರೆ ಬಟ್ಟೆ? ಅಡುಗೆಮನೆಯ ಬಟ್ಟೆಗಳಿಗೆಲ್ಲ ಅರಿಶಿನದ ಕಲೆ. ಕಪಾಟು ತಡಕಿದಾಗ ಕೈಗೆ ಸಿಕ್ಕಿದ್ದು ನನ್ನ ಬಿಳಿ ಪೈಜಾಮ. ದೀಪಾವಳಿಗೆ ಭಾವಮೈದುನ ಕೊಟ್ಟದ್ದು. ಒಮ್ಮೆ ಒಗೆದಿದ್ದೆವು, ನಾನಿನ್ನೂ ಕಾಲು ತೂರಿಸಿರಲಿಲ್ಲ. ಒಳ್ಳೆಯ ಹತ್ತಿ, ತೆಳುವಾದ ನೇಯ್ಗೆ, ಮೇಲಾಗಿ ಚೀಲದಂತೆ ಹೊಲಿದೇ ಇದೆ! ಒಂದು ಕಾಲಿನ ತುದಿಗೆ ಗಂಟು ಹಾಕಿ, ಮೂರು ಕಿಲೋ ಮೊಸರು ಸುರಿದು, ಬಾಲ್ಕನಿಯ ತಂತಿಗೆ ಲಾಡಿಯಿಂದ ಬಿಗಿದೆ. ಕೆಳಗೊಂದು ಬಟ್ಟಲನ್ನೂ ಇಟ್ಟೆ. ನನ್ನ ಮುಂದಾಲೋಚನೆಗೆ ನಾನೇ ತಲೆದೂಗಿ, ಒಳಗೆ ಬಂದು ರಜಾಯಿ ಹೊದ್ದು ಮಲಗಿದೆ.

ಒಂದು ಗಂಟೆಯ ನಂತರ ಬೆಲ್ ಬಡಿದುಕೊಂಡಿತು. ಬಾಗಿಲಲ್ಲಿ ಭಾಟಿಯಾ ಆಂಟಿ. ಕೈಯಲ್ಲಿ ಒದ್ದೆ ರಜಾಯಿ.

"ರಾವ್ ಸಾಹಬ್, ಬಿಸಿಲಿಗೆ ಹಾಕಿದ್ದೆ. ಮೇಲಿಂದ ನೀರು ಟಪ್ ಟಪ್! ಏಸಿ ಚಲಾ ರಹೇ ಹೋ ಕ್ಯಾ?"

"ಈ ಚಳಿಯಲ್ಲಿ ಏಸಿಯೇ ಆಂಟೀಜಿ?" ಎಂದು ನಾನು ಗಟ್ಟಿಯಾಗಿ ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ತಕ್ಷಣ ತನಿಖೆಯ ನೇತೃತ್ವ ವಹಿಸಿಕೊಂಡೆ. ಪ್ಲಂಬರ್ ಭಯ್ಯಾನನ್ನು ಕರೆಸಿದೆ. ನಲ್ಲಿ ನೋಡಿದೆವು, ಪೈಪು ತಟ್ಟಿದೆವು. ನನ್ನ ಅನುಮಾನ ನೇರವಾಗಿ ಮೇಲಿನ ಮನೆಯ ಗುಪ್ತಾಜಿಯ ಗೀಜರ್ ಮೇಲೆ. ಅವರ ಮನೆಯ ನೀರು ನಿಲ್ಲಿಸಲು ನಾನೇ ಆದೇಶ ಕೊಟ್ಟೆ. ಗುಪ್ತಾಜಿ ಆಗ ಸ್ನಾನ ಮಾಡುತ್ತಿದ್ದರಂತೆ. ಮುಖಕ್ಕೆ ಸೋಪು ಹಚ್ಚಿಕೊಂಡು, ಟವಲ್ ಸುತ್ತಿಕೊಂಡು ಮೆಟ್ಟಿಲಿನಲ್ಲಿ ನಿಂತು ಅವರು ಕೂಗಾಡಿದ್ದನ್ನು ಬರೆಯಲು ನನ್ನ ಸಂಸ್ಕಾರ ಅಡ್ಡಬರುತ್ತದೆ. ನಾನು ಮಾತ್ರ ಶಾಂತವಾಗಿ, "ಸಾರ್ವಜನಿಕ ಹಿತದೃಷ್ಟಿಯಿಂದ ಸಹಕರಿಸಬೇಕು" ಎಂದೆ.

ಅಷ್ಟರಲ್ಲಿ ಪ್ಲಂಬರ್ ರಜಾಯಿ ಮುಟ್ಟಿ, ಬೆರಳು ಮೂಸಿ, ನಾಲಿಗೆಗೆ ತಾಗಿಸಿದ. "ಸಾಹಬ್, ಪಾನಿ ಖಟ್ಟಾ ಹೈ."

ಹುಳಿ ನೀರು! ಆಗ ನನಗೆ ಪೈಜಾಮ ನೆನಪಾಯಿತು.

ಪ್ಲಂಬರ್ ಮುಂದೆ, ಆಂಟಿ ಹಿಂದೆ, ಸೋಪಿನ ಗುಪ್ತಾಜಿ ಅವರ ಹಿಂದೆ. ಎಲ್ಲರೂ ನಮ್ಮ ಬಾಲ್ಕನಿಗೆ ಬಂದರು. ಬಟ್ಟಲು ಎಂದೋ ತುಂಬಿ, ಹರಿದು, ನೀರು ಹೋಗುವ ತೂತಿನಿಂದ ನೇರವಾಗಿ ಆಂಟಿಯ ರಜಾಯಿಗೆ ಅಭಿಷೇಕ ನಡೆದಿತ್ತು. ಮೇಲೆ ತಂತಿಯಲ್ಲಿ ನನ್ನ ಪೈಜಾಮ. ಒಂದು ಕಾಲು ಗಾಳಿಗೆ ಹಾರಾಡುತ್ತಿತ್ತು. ಇನ್ನೊಂದು ಊದಿಕೊಂಡು ತೊಟ್ಟಿಕ್ಕುತ್ತಿತ್ತು.

"ಯೇ ಕ್ಯಾ ಹೈ?" ಆಂಟಿ ಪೈಜಾಮದತ್ತ ಬೆರಳು ತೋರಿಸಿದರು.

"ನಾಳೆಯ ಪಾರ್ಟಿಗೆ... ಡಿಪ್."

"ಪೈಜಾಮಾ ಡಿಪ್ ಕರ್ ದಿಯಾ?"

ಕೈಮುಗಿದೆ. ಹೊಸ ಪೈಜಾಮ, ತೊಡದ ಪೈಜಾಮ, ಒಗೆದ ಪೈಜಾಮ ಎಂದು ಪರಿಪರಿಯಾಗಿ ಹೇಳಿದೆ. ರಜಾಯಿ ಒಗೆಸಿಕೊಡುತ್ತೇನೆ, ವಸುಧಾಗೆ ಮಾತ್ರ ಹೇಳಬೇಡಿ ಎಂದು ಬೇಡಿದೆ. ಆಂಟಿ ಮಾತು ಕೊಟ್ಟರು, ಮಾತು ಉಳಿಸಿಕೊಂಡರು ಕೂಡ. ವಸುಧಾಗೆ ಹೇಳಲಿಲ್ಲ. ಉಳಿದ ಒಂಬತ್ತು ಮನೆಗಳಿಗೆ ಹೇಳಿದರು!

ಹೊಸದಾಗಿ ಮೊಸರು ತರುವ ಬುದ್ಧಿ ನನಗೆ ಬರಬೇಕಿತ್ತು. ಬರಲಿಲ್ಲ. ಬದಲಿಗೆ ಹಬ್ಬದ ಬಣ್ಣ ಬರಲೆಂದು ಆ ಸಂಜೆಯೇ ಡಿಪ್‌ಗೆ ನಾಲ್ಕು ಕಿವಿ ಹಣ್ಣು ಹಿಂಡಿ ಬೆರೆಸಿಟ್ಟೆ. ಕಿವಿ ಹಣ್ಣನ್ನು ಮೊಸರಿನಲ್ಲಿ ಇಟ್ಟರೆ ಕಹಿಯಾಗುತ್ತದೆಂದು ವೀಡಿಯೋದ ಹೆಂಗಸು ಹೇಳಿರಲಿಲ್ಲ. ಅವಳು ಕಿವಿ ಹಣ್ಣು ಹಾಕಿಯೇ ಇರಲಿಲ್ಲ. ಆ ಐಡಿಯಾ ನನ್ನ ಸ್ವಂತದ್ದು.

ಮರುದಿನ ಮಧ್ಯಾಹ್ನ ತಾರಸಿಯ ಮೇಲೆ ಚಿನ್ನದಂಥ ಬಿಸಿಲು. ಮೇಜಿನ ನಡುವೆ ನನ್ನ ಕುಂಬಳಕಾಯಿ, ಅದರ ಮೈತುಂಬ ನೆಟ್ಟ ಕಡ್ಡಿಗಳು. ದೂರದಿಂದ ಮುಳ್ಳುಹಂದಿಯೊಂದು ಹಣ್ಣು ಕದ್ದು ಓಡುವಂತೆ ಕಾಣುತ್ತಿತ್ತು. ಸೇಬು ಕಂದು ಬಣ್ಣಕ್ಕೆ ತಿರುಗಿತ್ತು. ಆದರೂ ಜನ ಬಂದು ಕಡ್ಡಿ ಎತ್ತಿಕೊಂಡರು. ತುದಿಯ ಸ್ಟ್ರಾಬೆರಿ ಬಾಯಿಗೆ ಹಾಕಿಕೊಳ್ಳುವಾಗ ಇನ್ನೊಂದು ತುದಿ ಹಿಂದಿನವರ ಪಕ್ಕೆಗೆ ತಿವಿಯುತ್ತಿತ್ತು. "ಸಾರಿ ಜೀ", "ಕೋಯೀ ಬಾತ್ ನಹೀಂ ಜೀ" ಎಂಬ ಶಿಷ್ಟಾಚಾರದಲ್ಲಿ ಕತ್ತಿವರಸೆ ಸಾಗಿತು.

ಡಿಪ್ ಅನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಒಬ್ಬರೂ!

ವಸುಧಾ ರೇಷ್ಮೆ ಸೀರೆಯುಟ್ಟು, ಬಟ್ಟಲು ಹಿಡಿದು ಒಬ್ಬೊಬ್ಬರ ಹತ್ತಿರವೂ ಹೋದಳು. "ಲೀಜಿಯೇ ನಾ, ಇವರೇ ಮಾಡಿದ್ದು." ಒಬ್ಬರಿಗೆ ಗಂಟಲು ನೋವು, ಒಬ್ಬರಿಗೆ ಉಪವಾಸ, ಗುಪ್ತಾಜಿಗೆ ಡಾಕ್ಟರ್ ಬೇಡವೆಂದಿದ್ದಾರೆ. ಹನ್ನೊಂದನೆಯ ಮನೆಯವರೂ ತಲೆ ಅಲ್ಲಾಡಿಸಿದಾಗ ಅವಳ ನಗು ಸಣ್ಣಗಾಯಿತು. ತನ್ನ ಮೊದಲ ಯಜಮಾನಿಕೆಯನ್ನು ಇವರೆಲ್ಲ ಸೇರಿ ತಿರಸ್ಕರಿಸುತ್ತಿದ್ದಾರೆ ಎಂದೇ ಅವಳು ತಿಳಿದಳು. ಕಣ್ಣಂಚು ಕೆಂಪಾಗಿದ್ದು ನನಗೆ ಕಂಡಿತು. ಕೊನೆಗೆ ತಾನೇ ಒಂದು ಅನಾನಸ್ ಹೋಳನ್ನು ಅದರಲ್ಲಿ ಪೂರ್ತಿ ಮುಳುಗಿಸಿ ಬಾಯಿಗಿಟ್ಟಳು. ಇಡೀ ತಾರಸಿ ಉಸಿರು ಬಿಗಿಹಿಡಿಯಿತು. ಹಾಗಲಕಾಯಿ ರಸದಂಥ ಆ ಕಹಿಯನ್ನು ಅವಳು ಮುಖ ಕಿವುಚದೆ ನುಂಗಿ, "ಬಹುತ್ ಅಚ್ಛಾ ಹೈ" ಎಂದಳು.

ಅಲ್ಲಿಗೆ ನನ್ನ ಧೈರ್ಯ ಮುರಿಯಿತು.

"ವಸುಧಾ, ನಿನ್ನ ತಪ್ಪಲ್ಲ. ಮೊಸರು ಕಟ್ಟಿದ್ದು ನನ್ನ ಪೈಜಾಮದಲ್ಲಿ. ಇವರಿಗೆಲ್ಲ ಗೊತ್ತು."

"ಯಾವ ಪೈಜಾಮ?"

"ನಿನ್ನ ತಮ್ಮ ಕೊಟ್ಟದ್ದು."

ಅವಳು ಬಟ್ಟಲು ನೋಡಿದಳು. ನನ್ನನ್ನು ನೋಡಿದಳು. "ಮಮ್ಮಾ, ಲೆಫ್ಟ್ ಕಾಲಲ್ಲಿ ಮಾತ್ರ" ಎಂದು ಮಿಲಿ ನನ್ನ ರಕ್ಷಣೆಗೆ ಬಂದಳು. ವಸುಧಾ ಕುರ್ಚಿಯ ಮೇಲೆ ಕುಸಿದಳು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಓಡಿ ಹೋದರೆ, ನಗುತ್ತಿದ್ದಾಳೆ! ಭಾಟಿಯಾ ಆಂಟಿ ಅವಳ ಹೆಗಲು ಹಿಡಿದು ನಕ್ಕರು. ನೀರು ನಿಂತ ಕಥೆಯನ್ನು ಗುಪ್ತಾಜಿ ಅಭಿನಯದೊಂದಿಗೆ ತೋರಿಸಿದರು. ನಗು ನಿಲ್ಲುವ ಹೊತ್ತಿಗೆ ಆಂಟಿ ಚಾಟ್ ಮಸಾಲೆ, ನಿಂಬೆಹಣ್ಣು ತರಿಸಿದ್ದರು. ಅವರೂ ವಸುಧಾಳೂ ಕುಳಿತು ಕಡ್ಡಿಗಳಿಂದ ಹಣ್ಣು ಕಿತ್ತು, ದೊಡ್ಡ ಪಾತ್ರೆಗೆ ಹಾಕಿ ಕಲಸಿದರು. ಐದು ನಿಮಿಷದಲ್ಲಿ ಪಾತ್ರೆ ಖಾಲಿ. ಎಲ್ಲರೂ ವಸುಧಾಳ ವ್ಯವಸ್ಥೆಯನ್ನು ಹೊಗಳಿದ್ದೇ ಹೊಗಳಿದ್ದು.

ಹೋಳಿಯ ಊಟಕ್ಕೂ ಅವಳದ್ದೇ ಯಜಮಾನಿಕೆ. ಯಾರು ಏನು ಮಾಡಬೇಕೆಂಬ ಪಟ್ಟಿಯನ್ನು ಮೊನ್ನೆ ಲಿಫ್ಟಿನ ಪಕ್ಕ ಅಂಟಿಸಿದ್ದಾರೆ. ನಾನು ಕನ್ನಡಕ ಸರಿಮಾಡಿಕೊಂಡು ನನ್ನ ಹೆಸರು ಹುಡುಕಿದೆ. ಎಲ್ಲಕ್ಕಿಂತ ಕೆಳಗೆ ಇತ್ತು. "ರಾವ್ ಸಾಹಬ್: ಕುರ್ಚಿ ಹಾಕುವುದು."

ಅದರ ಮುಂದೆ, ನನ್ನ ಹೆಂಡತಿಯದೇ ದುಂಡಕ್ಷರದಲ್ಲಿ: "ಮಿಲಿಯ ಮೇಲ್ವಿಚಾರಣೆಯಲ್ಲಿ."