ಗಾಳಿ ಸೋರುವ ಮೆಷಿನ್ನುಗಳೂ ನನ್ನ ಹೆಣ್ಣು ನೋಡುವ ಶಾಸ್ತ್ರವೂ

ವಾರಕ್ಕೊಮ್ಮೆಯಾದರೂ ನಗೆಪಾಟಲಾಗದಿದ್ದರೆ ನನ್ನ ಕೆಲಸವೇ ಹೋಯಿತೇನೋ ಎಂದು ನನಗೆ ಅನುಮಾನ ಬರುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಲ್ಯಾಬುಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ರಿಪೇರಿ ಮಾಡುವವನು ನಾನು. ಅಣುಗಳನ್ನು ತೂಗಿ, ಯಾವುದರಲ್ಲಿ ಏನು ಬೆರೆತಿದೆ ಎಂದು ಹೇಳುವ ಮೆಷಿನ್ ಅದು. ಒಳಗೆ ಗಾಳಿ ಇರಕೂಡದು. ಎಲ್ಲೋ ಸೋರಿ ಗಾಳಿ ನುಗ್ಗಿತೆಂದರೆ ನನಗೆ ಫೋನ್ ಬರುತ್ತದೆ.

ಇಷ್ಟನ್ನು ಹೆಣ್ಣು ಹೆತ್ತವರಿಗೆ ಅರ್ಥ ಮಾಡಿಸಲಾಗದೆ ನನಗೆ ಮದುವೆಯೇ ಆಗಿರಲಿಲ್ಲ. ಮಾಗಡಿಯ ಯಜಮಾನರೊಬ್ಬರು "ಏನಪ್ಪ ಕೆಲ್ಸ?" ಅಂದರು. "ಮೆಷಿನ್ ಒಳಗೆ ಏನೂ ಇಲ್ಲದ ಹಾಗೆ ನೋಡಿಕೊಳ್ಳೋದು" ಅಂದೆ. "ನಮ್ಮನೆ ಬೀರು ಒಳಗೂ ಏನೂ ಇಲ್ಲ. ಅದ ನೋಡ್ಕಳಕ್ಕೆ ಯಾರ್ಗೂ ಸಂಬ್ಳ ಕೊಟ್ಟಿಲ್ಲ" ಎಂದು ಎಲೆ ಅಡಿಕೆ ತಟ್ಟೆಯನ್ನು ಒಳಗಿಟ್ಟರು.

೧. ಒಂದು ಚೆಂಬು ನೀರು

ಕನಕಪುರದ ಲ್ಯಾಬಿನ ಮೆಷಿನ್ನಿಗೆ ವ್ಯಾಕ್ಯೂಮ್ ಬರುತ್ತಿಲ್ಲವೆಂದು ಕರೆ ಬಂತು. ಹೋಗಿ ನೋಡಿದರೆ ಗಾಳಿ ಎಳೆಯುವ ಪಂಪು ಕೆಮ್ಮುತ್ತಿದೆ, ಅದರ ಆಯಿಲ್ಲು ಮಜ್ಜಿಗೆಯಾಗಿದೆ. ಅಲ್ಲಿನ ಅಟೆಂಡರ್ ದೊಡ್ಡಆಲಹಳ್ಳಿಯ ರೈತ, ಹೊಲದಲ್ಲಿ ಸ್ವಂತ ಪಂಪ್‌ಸೆಟ್ ಇಟ್ಟವನು.

"ಪಂಪು ಏರ್ ಹಿಡ್ಕಂಡಿತ್ತು ಸಾ. ಬಾಯಿಗೆ ಒಂದು ಚೆಂಬು ನೀರು ಬುಟ್ಟೆ" ಅಂದ.

"ಅಣ್ಣಾ, ಇದು ನೀರೆತ್ತೋ ಪಂಪಲ್ಲ. ಗಾಳಿ ಎಳೆಯೋ ಪಂಪು."

"ಗಾಳಿಗ್ಯಾಕೆ ಸಾ ಪಂಪು? ಅದು ತಾನಾಗೇ ಬತ್ತದೆ."

ಮೈಯೆಲ್ಲ ಉರಿಯಿತು. ಆದರೆ ಬೈಯುವ ಹಾಗಿಲ್ಲ. ಅಕ್ಕೂರಿನ ಹುಡುಗಿಯೊಬ್ಬಳನ್ನು ನೆಂಟರ ಮದುವೆಯಲ್ಲಿ ನೋಡಿ ನಾನು ಬಹಳ ಇಷ್ಟಪಟ್ಟಿದ್ದೆ. ಅವರ ಮನೆಗೆ ನನ್ನ ಜಾತಕ ತಲುಪಿಸಲು ಒಪ್ಪಿಕೊಂಡವನೂ ಇವನೇ. ಹಲ್ಲು ಕಚ್ಚಿಕೊಂಡು ಆಯಿಲ್ ಬದಲಾಯಿಸತೊಡಗಿದೆ. ಅವನು ಮೂಲೆಯ ಬಕೆಟ್ಟನ್ನು ತೋರಿಸಿ ಹೇಳಿದ:

"ನೀರಿಗೆ ಜಗ್ಗದಿದ್ರೆ ಸಗಣಿ ನೀರು ಬುಡವ ಅಂತ ಕಲಸಿಟ್ಟಿದ್ದೆ. ಅಷ್ಟ್ರಲ್ಲಿ ನೀವು ಬಂದ್ಬುಟ್ರಿ."

೨. ಒಳಗಡೆ ಪೂಜೆ

ಅಕ್ಕೂರಿನ ಉತ್ತರಕ್ಕೆ ಕಾಯುತ್ತಿದ್ದಾಗಲೇ ಆಯುಧ ಪೂಜೆ ಕಳೆಯಿತು. ಮಾರನೆಯ ದಿನ ಚನ್ನಪಟ್ಟಣದಿಂದ ಫೋನ್. ಬೊಂಬೆಗೆ ಬಳಿಯುವ ಬಣ್ಣವನ್ನು ಪರೀಕ್ಷೆ ಮಾಡುವ ಲ್ಯಾಬು. ಹೋಗಿ, ಎಲ್ಲಿ ಸೋರುತ್ತಿದೆಯೆಂದು ಹುಡುಕಲು ಮೆಷಿನ್ನಿನ ಒಂದೊಂದು ಜಾಯಿಂಟಿಗೂ ಆರ್ಗಾನ್ ಗ್ಯಾಸ್ ಊದಿದೆ. ಸೋರುವ ಜಾಗದಲ್ಲಿ ಅದು ಒಳನುಗ್ಗಿ ಪರದೆಯ ಮೇಲೆ ಗೆರೆ ಏಳಬೇಕು. ಮೆಷಿನ್ನಿನ ಬಾಗಿಲ ಹತ್ತಿರ ಬಂದಾಗ ಗೆರೆ ಎದ್ದಿತು.

ಮೆಷಿನ್ ನಿಲ್ಲಿಸಿ ಬಾಗಿಲು ತೆಗೆದೆ. ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ರಿಂಗಿನ ಸುತ್ತ ಅರಿಶಿನ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವಿನ ಎಸಳು.

"ಇದೇನು ಮೇಡಂ?" ಎಂದು ಲ್ಯಾಬಿನ ಮುಖ್ಯಸ್ಥೆಯನ್ನು ಕೇಳಿದೆ.

"ಬೇರೆ ಮೆಷಿನ್‌ಗೆಲ್ಲ ಹೊರಗಡೆ ಹಚ್ಚಿದ್ವಿ ಸರ್. ಇದು ದುಬಾರಿದು, ಕಲೆ ಕಾಣಬಾರದು ಅಂತ ಒಳಗಡೆ ಹಚ್ಚಿದ್ವಿ."

೩. ಅಕ್ಕೂರಿನ ಕುಕ್ಕರ್

ಕೊನೆಗೂ ಅಕ್ಕೂರಿನವರು ಬರಹೇಳಿದರು. ದಾರಿಯುದ್ದಕ್ಕೂ ಅಮ್ಮನದು ಒಂದೇ ಮಾತು: "ನಿನ್ ಮೆಷಿನ್ ಸುದ್ದಿ ಎತ್ಬೇಡ. ಬಾಯ್ಮುಚ್ಕಂಡು ಕೂತಿರು. ಇದೂ ತಪ್ಪೋದ್ರೆ ನಾನಿನ್ನು ಎಲ್ಲೂ ಬರಕಿಲ್ಲ."

ಬಾಯಿ ಮುಚ್ಚಿಕೊಂಡೇ ಕೂತೆ. ಹುಡುಗಿಯ ಅಪ್ಪ ರೇಷ್ಮೆಗೂಡಿನ ರೇಟು ಹೇಳುತ್ತಿದ್ದರು. ಒಳಗಿನಿಂದ ಸುಸ್ಸೆಂದು ಒಂದೇ ಸಮನೆ ಸದ್ದು. ಕುಕ್ಕರ್ ವಿಷಲ್ ಹಾಕುತ್ತಿಲ್ಲ, ಅಂಚಿನಲ್ಲಿ ಸೋರುತ್ತಿದೆ. ಬಾಯಿ ಕಟ್ಟಬಹುದು, ಈ ಹಾಳು ಕಿವಿಯನ್ನು ಏನು ಮಾಡುವುದು? ಯಾವಾಗ ಎದ್ದೆನೋ, ಅಡುಗೆಮನೆಯಲ್ಲಿ ನಿಂತಿದ್ದೆ.

ರೇಷ್ಮೆ ಸೀರೆಯುಟ್ಟ ಹುಡುಗಿ ನನ್ನನ್ನೂ ಕುಕ್ಕರನ್ನೂ ನೋಡಿ, "ಬೆಳಗಿಂದ ಹಿಂಗೇ ಆಡ್ತೈತೆ" ಅಂದಳು. ಒಲೆ ಆರಿಸಿ, ಆವಿ ಬಿಟ್ಟು, ಮುಚ್ಚಳ ತೆಗೆದೆ. ಗ್ಯಾಸ್ಕೆಟ್ಟಿನಡಿ ಕರಿಬೇವಿನ ಕಡ್ಡಿ ಕೂತಿತ್ತು. ತೆಗೆದು ಒರೆಸಿ, ಮುಚ್ಚಿ, ಮತ್ತೆ ಒಲೆಗಿಟ್ಟೆ.

"ನನ್ ಕೈಲಿ ಒಗ್ಗರಣೆ ಐತೆ. ಕಾಫಿ ಆರೋಯ್ತದೆ, ಈ ತಟ್ಟೆ ಒಸಿ ಈಚೆಗೆ ಕೊಟ್ಬುಡಿ" ಅಂದಳು.

ಲೋಟ ಚೆಲ್ಲದಿರಲೆಂದು ತಲೆ ತಗ್ಗಿಸಿ, ಮೆಲ್ಲಗೆ ಹೆಜ್ಜೆಯಿಡುತ್ತ ನಡುಮನೆಗೆ ಬಂದೆ. ಅಮ್ಮ ಹಣೆ ಚಚ್ಚಿಕೊಂಡಳು. ಇದೂ ಹೋಯಿತು ಅಂದುಕೊಂಡೆ.

ಹುಡುಗಿಯ ಅಜ್ಜಿ ಲೋಟ ತೆಗೆದುಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಕ್ಕೆ ಕೂಗಿ ಕೇಳಿದಳು: "ಮಗ, ಗಂಡು ಬಂದು ಕಾಫಿ ಕೊಡ್ತು. ನಡ್ಗೆ ಚೆನ್ನಾಗೈತೆ. ನಿಂಗೆ ಒಪ್ಗೆನಾ?"

ಒಳಗೆ ಕುಕ್ಕರ್ ಜೋರಾಗಿ ವಿಷಲ್ ಹಾಕಿತು. ಹಿಂದೆಯೇ ಹುಡುಗಿಯ ದನಿ:

"ಒಪ್ಗೆ ಕಣಜ್ಜಿ. ಹೋಗೋದ್ರೊಳಗೆ ಮಿಕ್ಸೀನೂ ಒಸಿ ನೋಡ್ಬುಡ್ಲಿ."