ಮನೆಗಾಡಿಯಲ್ಲಿ ನಾವಿಬ್ಬರೇ

ಏನಾದರೂ ಎಡವಟ್ಟು ಆಗಬೇಕಿದ್ದರೆ ಅದು ನಾನೂ ನನ್ನ ಗಂಡನೂ ಜೊತೆಗಿರುವ ಹೊತ್ತನ್ನೇ ನೋಡಿಕೊಂಡು ಆಗುತ್ತದೆ. ಬೇರೆಬೇರೆ ಇದ್ದಾಗ ನಾವಿಬ್ಬರೂ ಬಲು ಮರ್ಯಾದಸ್ಥರು. ಪುಣ್ಯಕ್ಕೆ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾವು ಹೆಚ್ಚಾಗಿ ಬೇರೆಬೇರೆಯೇ ಇದ್ದೆವು. ಅವರು ವಾಶಿ ಮಾರ್ಕೆಟ್ಟಿನ ಒಣಮೆಣಸಿನಕಾಯಿ ಅಂಗಡಿಯೊಂದರ ಮ್ಯಾನೇಜರು. ನಸುಕಿಗೇ ಮನೆ ಬಿಟ್ಟು ಮಧ್ಯಾಹ್ನ ಬಂದು ಮಲಗುತ್ತಾರೆ. ನಾನು ಠಾಣೆ ಪಟ್ಟಣದ ಕೋಪರಿಯಲ್ಲಿ ಹೆಂಗಸರಿಗೆ ಕಾರು ಕಲಿಸುವವಳು. ಅವರು ಏಳುವ ಹೊತ್ತಿಗೆ ನನ್ನ ಸಂಜೆ ಬ್ಯಾಚು. ಭಾನುವಾರ ನನಗೆ ಡಬಲ್ ಬ್ಯಾಚು.

ಹೀಗಿರುವಾಗ ನನ್ನ ಹತ್ತಿರ ಕಲಿತು ಸಿಡ್ನಿಗೆ ಹೋಗಿ ನೆಲೆಸಿದ ಹುಡುಗಿಯೊಬ್ಬಳು ಫೋನ್ ಮಾಡಿದಳು. "ಮೇಡಂ, ನೀವಿಬ್ರೂ ಬನ್ನಿ. ಒಂದು ಕ್ಯಾಂಪರ್‌ವ್ಯಾನ್ ಬುಕ್ ಮಾಡಿಕೊಡ್ತೀನಿ. ಒಳಗೇ ಹಾಸಿಗೆ, ಒಲೆ, ಫ್ರಿಜ್ಜು, ಎಲ್ಲಾ ಇರುತ್ತೆ. ಸಮುದ್ರದ ಪಕ್ಕದಲ್ಲೇ ಮೆಲ್ಬರ್ನ್ ತನಕ ಓಡಿಸ್ಕೊಂಡು ಹೋಗಿ."

ಓಡಿಸುವುದಕ್ಕೆ ನನಗೇನೂ ಭಯವಿರಲಿಲ್ಲ. ಕಲ್ಯಾಣ್–ಶೀಳ್ ರಸ್ತೆಯಲ್ಲಿ ಹೊಸಬರ ಪಕ್ಕ ಕೂತು ಬದುಕಿ ಬಂದವಳು ನಾನು. ನನ್ನ ಭಯ ಬೇರೆ. ಆರು ಮೀಟರ್ ಉದ್ದದ ಗಾಡಿಯೊಳಗೆ ಹದಿನಾಲ್ಕು ದಿನ ಈ ಮನುಷ್ಯನ ಹತ್ತಿರ ಏನು ಮಾತಾಡುವುದು? ಅವರಿಗೂ ಅದೇ ಭಯವಿತ್ತೆಂದು ವಿಮಾನದಲ್ಲಿ ಗೊತ್ತಾಯಿತು. ಫೋನಿನಲ್ಲಿ ನಲವತ್ತು ತಾಸಿಗಾಗುವಷ್ಟು ಭಜನೆ ತುಂಬಿಸಿಕೊಂಡು ಬಂದಿದ್ದರು.

ಬಣ್ಣ ಅಷ್ಟೇ

ಸಿಡ್ನಿ ವಿಮಾನ ನಿಲ್ದಾಣದಲ್ಲಿ ತಿನ್ನುವ ಪದಾರ್ಥ ತಂದವರು ಬೇರೆ ಸಾಲಿನಲ್ಲಿ ನಿಲ್ಲಬೇಕು. ನಾವು ಪ್ರಾಮಾಣಿಕರು, ನಿಂತೆವು. ಕೈಗವಸು ಹಾಕಿಕೊಂಡ ಅಧಿಕಾರಿ ಹೆಣ್ಣುಮಗಳು ನಮ್ಮ ಬ್ಯಾಗು ಬಿಚ್ಚಿದಳು. ಅಕ್ಕಿಹಿಟ್ಟು, ಸಾಂಬಾರು ಪುಡಿ, ಖಾರದ ಪುಡಿ. ಅದರ ಕೆಳಗೆ, ನನಗೂ ಹೇಳದೆ ಇವರು ತುರುಕಿದ್ದ ಅರ್ಧ ಕಿಲೋ ಇಡೀ ಮೆಣಸಿನಕಾಯಿ.

"ತುಂಬಾ ಖಾರವಾ ಇದು?" ಎಂದಳು ಆಕೆ.

ನನ್ನ ಗಂಡನಿಗೆ ಅವಮಾನವಾಯಿತು. ಅವರದ್ದು ಬ್ಯಾಡಗಿ ಕಡೆಯ ಊರು. "ಮೇಡಂ, ದಿಸ್ ಈಸ್ ಬ್ಯಾಡಗಿ. ಓನ್ಲಿ ಕಲರ್. ನೋ ಫೈಟಿಂಗ್," ಎಂದರು.

ಪುಡಿ ಒಯ್ಯಬಹುದು, ಬೀಜವಿರುವ ಕಾಯಿ ದೇಶದೊಳಗೆ ಬಿಡುವ ಹಾಗಿಲ್ಲ ಎಂದು ಆಕೆ ಮೆತ್ತಗೆ ತಿಳಿಸಿದಳು. ಇವರಿಗೆ ಅರ್ಥವಾದದ್ದೇ ಬೇರೆ. ಮಾಲಿನ ಕ್ವಾಲಿಟಿ ಬಗ್ಗೆ ತಕರಾರು ತೆಗೆಯುತ್ತಿದ್ದಾಳೆ ಎಂದುಕೊಂಡು, ಸಿಪ್ಪೆಯ ಸುಕ್ಕು ಹೇಗಿರಬೇಕು, ತೊಟ್ಟು ಹೇಗಿರಬೇಕು ಅಂತ ಶುರುಮಾಡಿದರು. ಕೊನೆಗೆ ಒಂದು ಕಾಯನ್ನು ಅವಳ ಮುಖದೆದುರೇ ಪಟಕ್ಕನೆ ಮುರಿದು ತೋರಿಸಿದರು. ಆಕೆ ಸೀನಿದಳು. ಪಕ್ಕದ ಮೇಜಿನವನೂ ಸೀನಿದ. ಸಾಮಾನು ಮೂಸಲು ಬಂದ ನಾಯಿ ನಾಲ್ಕು ಸಲ ಸೀನಿ ಕೆಲಸ ಬಿಟ್ಟು ಕೂತುಬಿಟ್ಟಿತು.

ಆಕೆ ಕಣ್ಣೊರೆಸಿಕೊಳ್ಳುತ್ತಾ ಕಾಯಿಯ ಚೀಲವನ್ನು ತೊಟ್ಟಿಗೆ ಹಾಕಿ, "ಸರ್, ಫೈಟಿಂಗ್ ಇಲ್ಲ ಅಂದಿದ್ರಿ," ಎಂದಳು.

ಒಂದೇ ಒಂದು ಹಾರ್ನ್

ಅಲ್ಲಿಯೂ ನಮ್ಮ ಹಾಗೆ ಎಡಬದಿಯ ಸಂಚಾರ. ಹಾಗಾಗಿ ಓಡಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಇವರಿಗೆ. ಇಪ್ಪತ್ತೆರಡು ವರ್ಷ ನಾನು ಕೂತ ಎಡಗಡೆ ಸೀಟಿನಲ್ಲಿ ಈಗ ಇವರು ಕೂತಿದ್ದರು, ಅಲ್ಲಿ ನನಗಿರುವಂತೆ ಕಾಲಡಿಯಲ್ಲಿ ಬೇರೆ ಬ್ರೇಕು ಇರಲಿಲ್ಲ. ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ತುಳಿದು ತುಳಿದು ಎರಡೇ ದಿನದಲ್ಲಿ ಮೀನಖಂಡ ಊದಿಸಿಕೊಂಡರು. "ಅಕ್ಕೋರ, ಸಾವಕಾಶ!" ಎನ್ನುತ್ತಿದ್ದರು. ಅವರ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ನನ್ನನ್ನು ಕಾಡಿಸಬೇಕೆನಿಸಿದಾಗ ನಾನೂ ಅಕ್ಕೋರು.

ಮೂರನೇ ದಿನ ಒಂದು ಪುಟ್ಟ ಊರು. ಬಲಕ್ಕೆ ತಿರುಗುವ ಮುಂಚೆ ಅಭ್ಯಾಸಬಲದಿಂದ ಒಂದು ಹಾರ್ನ್ ಹೊಡೆದೆ. ಜೋರಾಗೇನೂ ಅಲ್ಲ, ನಾವು ಠಾಣೆ ಸ್ಟೇಷನ್ ಹತ್ತಿರ ಉಸಿರಾಡುವಾಗ ಹೊಡೆಯುತ್ತೇವಲ್ಲ, ಅಷ್ಟೇ.

ಊರಿಗೆ ಊರೇ ನಿಂತಿತು. ಮುಂದಿನ ಕಾರು ಬದಿಗೆ ನಿಂತಿತು, ಹಿಂದಿನದೂ ನಿಂತಿತು. ನಾಯಿ ಜೊತೆ ವಾಕಿಂಗ್ ಹೊರಟಿದ್ದ ಅಜ್ಜ ರಸ್ತೆ ದಾಟಿ ಓಡಿಬಂದು ಕಿಟಕಿ ತಟ್ಟಿದ. "ಏನಾಯ್ತಮ್ಮಾ? ಎದೆನೋವಾ? ಆಂಬುಲೆನ್ಸ್ ಕರೀಲಾ?" ಎದುರಿನ ಬೇಕರಿಯಿಂದ ಒಬ್ಬಾಕೆ ನೀರು ಹಿಡಿದುಕೊಂಡೇ ಬಂದಳು.

ಏನೂ ಆಗಿಲ್ಲ ಅಂದರೆ ಅಷ್ಟು ಜನರಿಗೆ ನಿರಾಸೆಯಾಗುತ್ತದೇನೋ ಅನ್ನಿಸಿ ನಾನು ತಡವರಿಸಿದೆ. ಇವರು ಮಾತ್ರ ಬೆರಗಾಗಿ ಎಲ್ಲರ ಮುಖ ನೋಡುತ್ತಿದ್ದರು. ಗಾಡಿ ಊರು ದಾಟಿದ ಮೇಲೆ ಮೆಲ್ಲಗೆ ಅಂದರು: "ನೋಡ, ಒಂದು ಹಾರ್ನಿಗೆ ನೀರು ತಂದುಕೊಟ್ರು. ಇನ್ನೊಂದು ಹೊಡದು ನೋಡ, ಚಹಾ ಬರ್ತೈತೇನು."

ಸ್ವಲ್ಪ ಸರೀರಿ

ಜರ್ವಿಸ್ ಕೊಲ್ಲಿ ಎನ್ನುವಲ್ಲಿ ಮರಗಳ ನಡುವಿನ ಕಾಲುದಾರಿ ಮುಗಿದದ್ದೇ ನಾವಿಬ್ಬರೂ ನಿಂತುಬಿಟ್ಟೆವು. ಎದುರಿಗೆ ಮರಳು. ಮರಳು ಅಂದರೆ ನಮ್ಮಲ್ಲಿಯ ಮರಳಲ್ಲ, ಜರಡಿ ಹಿಡಿದ ಮೈದಾ ಹಿಟ್ಟಿನಷ್ಟು ಬಿಳಿ. ಕಾಲಿಟ್ಟರೆ ಕೀಚ್ ಕೀಚ್ ಎನ್ನುತ್ತಿತ್ತು. ನೀರಿಗೆ ಯಾವ ಬಣ್ಣ ಹೇಳಲಿ? ದಡದಲ್ಲಿ ಬಣ್ಣವೇ ಇಲ್ಲ, ಆಮೇಲೆ ಹಸಿರು, ಆಮೇಲೆ ನೀಲಿ, ಅದರಾಚೆಗಿನದಕ್ಕೆ ನನಗೆ ಹೆಸರು ಗೊತ್ತಿಲ್ಲ. ಎಡಕ್ಕೂ ಬಲಕ್ಕೂ ಕಣ್ಣು ಹೋದಷ್ಟು ದೂರ ಹಾಗೆಯೇ.

ಇವರು ಅತ್ತಿತ್ತ ನೋಡಿ ಕೇಳಿದರು: "ಮಂದಿ ಎಲ್ಲಿ? ಬಂದ್ ಐತೇನು ಇವತ್ತು?"

ಟಿಕೆಟ್ ಕೌಂಟರ್ ತಪ್ಪಿಸಿ ಬಂದೆವೇನೋ ಎಂದು ನನಗೂ ಅಳುಕು. ಒಂದು ಬೋರ್ಡು ಕೂಡ ಇಲ್ಲ. ಇಷ್ಟು ಚೆಂದದ್ದನ್ನು ಯಾರೂ ಕಾಯದೆ ಹೀಗೆ ಬಿಟ್ಟುಹೋಗುತ್ತಾರೆಯೇ? ಅಷ್ಟರಲ್ಲಿ ಬಹು ದೂರದಲ್ಲಿ ಎರಡು ಚುಕ್ಕೆ ಕಂಡವು. ಮನುಷ್ಯರು! ಇಪ್ಪತ್ತು ನಿಮಿಷ ನಡೆದು ಹೋದೆವು. ಟವೆಲ್ ಹಾಸಿ ಮಲಗಿದ್ದ ವಯಸ್ಸಾದ ಗಂಡಹೆಂಡತಿ. ನಾವು ಅವರಿಂದ ಒಂದು ಮೊಳ ದೂರದಲ್ಲಿ ನಮ್ಮ ಜಮಖಾನೆ ಹಾಸಿ ಕೂತೆವು.

ಈಗ ಹೇಳುವಾಗ ನಗು ಬರುತ್ತದೆ. ಆದರೆ ದೇವರಾಣೆ, ಆಗ ನಮ್ಮಿಬ್ಬರಿಗೂ ಅದು ವಿಚಿತ್ರ ಎನಿಸಲೇ ಇಲ್ಲ. ಜನ ಇದ್ದಲ್ಲಿ ಕೂರುವುದಲ್ಲವೇ? ಆ ಮುದುಕ ತಲೆ ಎತ್ತಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮೈಲಿಗಟ್ಟಲೆ ಖಾಲಿ ಮರಳು ನೋಡಿದ, ನಮ್ಮನ್ನು ನೋಡಿದ. "ಏನಾದ್ರೂ ತೊಂದರೆಯಾ?"

"ನೋ ನೋ," ಎಂದರು ಇವರು, "ಜಸ್ಟ್ ಸಿಟ್ಟಿಂಗ್." ಆಮೇಲೆ ಲೋಕಲ್ ಟ್ರೇನಿನ ಮೂರರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂತ ಅಭ್ಯಾಸಕ್ಕೆ ಕೈಯಿಂದ ಸನ್ನೆ ಮಾಡಿದರು, ಸ್ವಲ್ಪ ಸರೀರಿ ಅಂತ.

ಪಾಪ, ಆತ ಸರಿದ!

ದೋಸೆಯ ಬೇಟೆ

ಅಲ್ಲಿನ ಪಾರ್ಕುಗಳಲ್ಲಿ ಕಲ್ಲುಕಟ್ಟೆಯ ಮೇಲೆ ದೊಡ್ಡ ಕಾವಲಿ ಇಟ್ಟಿರುತ್ತಾರೆ. ಬಟನ್ ಒತ್ತಿದರೆ ಕಾಯುತ್ತದೆ, ಯಾರು ಬೇಕಾದರೂ ಅಡಿಗೆ ಮಾಡಿಕೊಳ್ಳಬಹುದು. ಮನೆಯಲ್ಲಿ ಒಂದೊಂದೇ ದೋಸೆ ಹೊಯ್ದು ಸಾಕಾಗಿದ್ದ ನನಗೆ ಆ ಕಾವಲಿ ಕಂಡು ಕೈ ತುರಿಸಿತು. ಹಿಂದಿನ ದಿನವೇ ಅಕ್ಕಿಹಿಟ್ಟು ಕಲಸಿಟ್ಟಿದ್ದೆ. ತಿಕ್ಕಿ ತೊಳೆದು, ಎಣ್ಣೆ ಸವರಿ, ಒಂದೇ ಸಲ ನಾಲ್ಕು ಹೊಯ್ದೆ.

ಮೊದಲನೆಯದನ್ನು ತಟ್ಟೆಗೆ ಹಾಕಿದ್ದೇ ತಡ, ಮೇಲಿನ ಕೊಂಬೆಯಿಂದ ಏನೋ ಎರಗಿತು. ದಪ್ಪ ತಲೆ, ಬೆರಳುದ್ದದ ಕೊಕ್ಕು. ಕೂಕಬುರ್ರಾ ಎಂಬ ಹಕ್ಕಿಯಂತೆ. ದೋಸೆ ಕಚ್ಚಿಕೊಂಡು ಕೊಂಬೆಗೆ ಹೋಗಿ, ಅದನ್ನು ಕೊಂಬೆಗೆ ಪಟ್ ಪಟ್ ಎಂದು ಬಡಿಯತೊಡಗಿತು. ಪಕ್ಕದಲ್ಲಿ ಸಾಸೇಜ್ ಸುಡುತ್ತಿದ್ದ ಹೆಂಗಸು ವಿವರಿಸಿದಳು: "ಅದು ಹಾವು, ಓತಿಕ್ಯಾತ ಹಿಡಿಯೋ ಹಕ್ಕಿ. ಜೀವ ಹೋಗಿ ಮೆತ್ತಗಾಗೋ ತನಕ ಬಡಿದೇ ತಿನ್ನೋದು."

ನಾವು ಬಾಯಿ ತೆರೆದು ನೋಡಿದೆವು. ಹತ್ತು ಸಲ, ಹದಿನೈದು ಸಲ ಬಡಿಯಿತು. ಆಮೇಲೆ ನುಂಗಿ, ಕತ್ತೆತ್ತಿ, ಮನುಷ್ಯರ ಹಾಗೆಯೇ ಗಹಗಹಿಸಿ ನಕ್ಕಿತು. ಸುತ್ತಲಿನ ಮರಗಳಲ್ಲಿದ್ದ ಅದರ ಬಂಧುಬಳಗವೂ ನಕ್ಕಿತು. ಇಡೀ ಕಾಡೇ ನಗುವುದನ್ನು ನಾನು ಅವತ್ತು ಮೊದಲ ಸಲ ಕೇಳಿದ್ದು.

ಇವರು ತಮ್ಮ ಪಾಲಿನ ದೋಸೆ ಮುರಿಯುತ್ತಾ, ಇಪ್ಪತ್ತಾರು ವರ್ಷ ಹೇಳಲಾಗದ್ದನ್ನು ಹೇಳಿಯೇಬಿಟ್ಟರು: "ನಾವೂ ಹಿಂಗ ಬಡದು ತಿಂದಿದ್ರ ಹಲ್ಲು ಉಳೀತಿದ್ವು."

ಬಂತು ನೋಡಿ ಬಂತು

ಹತ್ತನೇ ದಿನದ ಹೊತ್ತಿಗೆ ಆ ನಲವತ್ತು ತಾಸಿನ ಭಜನೆಯಲ್ಲಿ ಹತ್ತು ನಿಮಿಷವೂ ಖರ್ಚಾಗಿರಲಿಲ್ಲ. ಮಾತು ಎಲ್ಲಿಂದ ಬರುತ್ತಿತ್ತೋ ಗೊತ್ತಿಲ್ಲ. ತಮ್ಮ ತಂದೆಗೆ ಹೆದರಿ ಮೆಣಸಿನಕಾಯಿ ರಾಶಿಯೊಳಗೆ ಅಡಗಿ ಕೂತು ಮೂರು ದಿನ ಕಣ್ಣು ಬಿಡಲಾಗದೆ ಇದ್ದದ್ದನ್ನು ಇವರು ನನಗೆ ಹೇಳಿದ್ದು ಆ ಗಾಡಿಯಲ್ಲಿ. ಮೊದಲ ಸಲ ಕಾರು ಕಲಿಸಲು ಹೋದ ದಿನ ಹೆದರಿ ಅತ್ತಿದ್ದನ್ನು ನಾನು ಹೇಳಿದ್ದೂ ಅಲ್ಲೇ.

ಈಡನ್ ಎಂಬ ಊರಿನ ತುದಿಯಲ್ಲಿ ಸಮುದ್ರದೊಳಕ್ಕೆ ಚಾಚಿದ ಬಂಡೆಗುಡ್ಡ. ತಿಮಿಂಗಿಲ ಕಾಣುತ್ತವೆ ಎಂದು ಯಾರೋ ಹೇಳಿದ್ದರು. ಹತ್ತು ಹನ್ನೆರಡು ಜನ ದುರ್ಬೀನು ಹಿಡಿದು, ಪೂಜೆಗೆ ನಿಂತವರ ಹಾಗೆ ಮೌನವಾಗಿದ್ದರು. ನಾವೂ ನಿಂತೆವು.

ಮೊದಲು ಕೇಳಿದ್ದು ಉಸಿರು. ಬುಸ್ಸ್ ಎಂದು ನೀರಿನ ಕಂಬ ಎದ್ದಿತು. ಅದರ ಹಿಂದೆ ಒಂದು ಕಪ್ಪು ಬೆನ್ನು ಬಂತು, ಬಂತು, ಬರುತ್ತಲೇ ಇತ್ತು, ಮುಗಿಯಲೇ ಇಲ್ಲ. ಅದರ ಮಗ್ಗುಲಿಗೆ ಅಂಟಿಕೊಂಡು ಒಂದು ಮರಿ. ತಾಯಿ ನಿಧಾನಕ್ಕೆ ಹೋಗುತ್ತಿತ್ತು, ಮರಿಗೆ ಸಾಧ್ಯವಾಗುವಷ್ಟೇ ನಿಧಾನಕ್ಕೆ. ತಿರುಗಿ ನೋಡಿದರೆ ಇವರ ಕಣ್ಣಲ್ಲಿ ನೀರು. ತಮ್ಮ ಹೆತ್ತ ತಾಯಿ ತೀರಿಕೊಂಡಾಗಲೂ ಜನರೆದುರು ಅಳದ ಮನುಷ್ಯ.

"ಇದನ್ನ ನಾವಿಬ್ರ ನೋಡಿದ್ರ ಪಾಪ ಬರ್ತೈತಿ," ಎಂದು ಫೋನ್ ತೆಗೆದು ತಮ್ಮ ಅಂಗಡಿಗೆ ವಿಡಿಯೋ ಕಾಲ್ ಹಚ್ಚಿದರು. ನಾವಿದ್ದಲ್ಲಿ ಹನ್ನೊಂದೂವರೆ, ವಾಶಿಯಲ್ಲಿ ಬೆಳಗಿನ ಆರು, ಲಾರಿಯಿಂದ ಮಾಲು ಇಳಿಸುವ ಹೊತ್ತು. ಒಬ್ಬ ಹಮಾಲ ನೋಡಿದ, ಇನ್ನೊಬ್ಬನನ್ನು ಕರೆದ. ಎರಡು ನಿಮಿಷದಲ್ಲಿ ಪರದೆಯ ತುಂಬ ತಲೆಗಳು, ಹೆಗಲ ಮೇಲೆ ಚೀಲ ಇದ್ದವರು ಚೀಲದ ಸಮೇತ. ಅವರ ಮುಖಂಡ, ಬಿಳಿ ಮೀಸೆಯ ಮುಕಾದಮ, ಮರಾಠಿಯಲ್ಲಿ ಕೇಳಿದ: "ಸಾಹೇಬ್, ಎಷ್ಟು ಟನ್ ಇದ್ದೀತು?"

"ನಲವತ್ತು ಅಂತಾರಪ್ಪ."

"ಇಳಿಸೋರು ಯಾರು?"

ಅಷ್ಟರಲ್ಲಿ ಆ ನಲವತ್ತು ಟನ್ನೂ ನೀರಿನಿಂದ ಮೇಲಕ್ಕೆ ಹಾರಿತು. ಇಡಿಯಾಗಿ! ಬಿಸಿಲಿನಲ್ಲಿ ಒಂದು ಗಳಿಗೆ ಆಕಾಶಕ್ಕೆ ಒರಗಿ ನಿಂತಂತೆ ನಿಂತು ಧಡಾರನೆ ಬಿತ್ತು. ಗುಡ್ಡದ ಮೇಲಿನವರೆಲ್ಲ ಉಸಿರು ಬಿಗಿಹಿಡಿದಿದ್ದರು. ಆ ಮೌನದಲ್ಲಿ ಫೋನಿನಿಂದ ಐವತ್ತು ಗಂಡಸರ ಗರ್ಜನೆ ಹೊರಟಿತು: "ಆಲೀ ರೇ ಆಲೀ!" ನಮ್ಮ ಸ್ಟೇಷನ್ನುಗಳಲ್ಲಿ ಲೋಕಲ್ ಕಂಡೊಡನೆ ಕೂಗುತ್ತಾರಲ್ಲ, ಬಂತು ನೋಡಿ ಬಂತು ಅಂತ, ಅದೇ ಕೂಗು.

ಗುಡ್ಡದವರೆಲ್ಲ ಬೆಚ್ಚಿಬಿದ್ದು ನಮ್ಮತ್ತ ತಿರುಗಿದರು. ನಾನು ನೆಲ ನೋಡಿದೆ. ದುರ್ಬೀನು ಹಿಡಿದಿದ್ದ ಎತ್ತರದ ಅಜ್ಜಿಯೊಬ್ಬಳು ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡರೆ, "ಅವರೇನು ಅಂದ್ರು?" ಎಂದು ಕೇಳಿದಳು. ಇವರು ಅರ್ಥ ಹೇಳಿಕೊಟ್ಟರು. ಆಕೆ ಬಾಯಲ್ಲೇ ಎರಡು ಸಲ ಅಭ್ಯಾಸ ಮಾಡಿದಳು. ಪಕ್ಕದವನಿಗೂ ಕಲಿಸಿದಳು, ಅವನು ಉಳಿದವರಿಗೆ ಕಲಿಸಿದ.

ಈ ಸಲ ಮರಿ ಹಾರಿತು. ಅರ್ಧವೇ ಮೇಲೆದ್ದು ಸೊಟ್ಟಗೆ ಬಿತ್ತು. ಹನ್ನೆರಡು ಆಸ್ಟ್ರೇಲಿಯನ್ನರು ಸಮುದ್ರದ ಕಡೆ ಕೈ ಎತ್ತಿ ಒಟ್ಟಿಗೆ ಕೂಗಿದರು: "ಆಲೀ ರೇ ಆಲೀ!"

ಫೋನಿನಲ್ಲಿ ಮುಕಾದಮನ ತೃಪ್ತ ದನಿ ಕೇಳಿಸಿತು: "ಚಿಂತೆ ಬಿಡಿ ಸಾಹೇಬ್. ಅಲ್ಲಿ ಎಲ್ಲಾ ನಮ್ಮ ಮರಾಠಿ ಮಂದಿನೇ ಇದ್ದಾರೆ."